ಮೆಕ್ಕೆಜೋಳದ ಮೇಲೆ ಹನ್ನೆರಡು ಸೈಕಲ್

ಆ ಪ್ರಕಟಣೆಯನ್ನು ಓದಿದ ಧ್ವನಿ ನನ್ನದು. ಆಟೋದ ಮೇಲೆ ಕಟ್ಟಿದ ಮೈಕಿನಿಂದ ಅದು ಎರಡು ದಿನ ನ್ಯಾಮತಿಯಿಂದ ಚನ್ನಗಿರಿಯವರೆಗಿನ ಊರುಗಳಲ್ಲಿ ಕೇಳಿಬಂತು. "ಸಾರ್ವಜನಿಕರಲ್ಲಿ ವಿನಂತಿ. ಬರುವ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು ಗಂಟೆಯವರೆಗೆ ಈ ಮಾರ್ಗದಲ್ಲಿ ಸೈಕಲ್ ಸ್ಪರ್ಧೆ ನಡೆಯಲಿರುವುದರಿಂದ, ರಸ್ತೆಯ ಮೇಲೆ ಒಣಗಲು ಹರವಿರುವ ಮೆಕ್ಕೆಜೋಳವನ್ನು ತೆರವುಗೊಳಿಸಿ ಸಹಕರಿಸಬೇಕು." ನಮ್ಮ ಭಾಗದಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಡಾಂಬರು ರಸ್ತೆಯ ಅರ್ಧ ಭಾಗ ಮೆಕ್ಕೆಜೋಳಕ್ಕೆ ಸೇರಿದ್ದು. ಅಂಚಿಗೆ ಕಲ್ಲು ಸಾಲಿಟ್ಟು ಕಾಳು ಹರವುತ್ತಾರೆ, ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ. ಬಸ್ಸುಗಳು ಉಳಿದ ಅರ್ಧದಲ್ಲಿ ಹೋಗುತ್ತವೆ. ಇದಕ್ಕೆ ಯಾರೂ ಯಾರ ಅನುಮತಿಯನ್ನೂ ಕೇಳುವುದಿಲ್ಲ. ನಮ್ಮ ಮನೆಯ ಒಂದೆಕರೆಯ ಜೋಳವೂ ಹಾಗೆಯೇ ಒಣಗಿದ್ದು.

ನಾನು ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು. ನಮ್ಮದು ನ್ಯಾಮತಿಯ ಪಕ್ಕದ ಊರು. ತಂದೆ ಗಾರೆ ಕೆಲಸ ಮಾಡುತ್ತಾರೆ, ತಾಯಿ ನಮ್ಮ ಹೊಲದ ಕೆಲಸ ಮುಗಿದರೆ ಬೇರೆಯವರ ಹೊಲಕ್ಕೆ ಹೋಗುತ್ತಾರೆ. ಹೊನ್ನಾಳಿಯಲ್ಲಿ ಬಿ.ಎ. ಮುಗಿಸಿದ ಮೇಲೆ ಚನ್ನಗಿರಿಯ ಒಂದು ಕಚೇರಿಯಲ್ಲಿ ಗುತ್ತಿಗೆ ಆಧಾರದ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಸೇರಿಕೊಂಡೆ. ಬರೆದ ಪ್ರತಿ ವಾಕ್ಯವನ್ನೂ ಎರಡು ಸಲ ಓದಿ ನೋಡುವುದು ನನ್ನ ಅಭ್ಯಾಸ. ಓದಿದವರ ಮನೆಯಿಂದ ಬಂದವರು ತಪ್ಪು ಬರೆದರೆ ಅದು ಕೈತಪ್ಪು ಎನ್ನಿಸಿಕೊಳ್ಳುತ್ತದೆ, ನಮ್ಮಂಥವರು ಬರೆದರೆ ಅಷ್ಟೇ ಬರುವುದು ಎಂದುಕೊಳ್ಳುತ್ತಾರೆ ಎಂಬ ಭಯ ನನಗೆ ಈಗಲೂ ಇದೆ. ಸೈಕಲ್ ಸ್ಪರ್ಧೆಯ ಸಮಿತಿಯವರು ಪ್ರಕಟಣೆಗಾಗಿ ನಮ್ಮ ಕಚೇರಿಗೆ ಬಂದಾಗ ಸಾಹೇಬರು ನನ್ನನ್ನೇ ಕರೆದರು.

"ನಿಮ್ಮ ಕನ್ನಡ ಶುದ್ಧ ಐತೆ. ನೀವೇ ಬರೆದು ನೀವೇ ಓದಿಬಿಡ್ರಿ," ಎಂದರು.

ಆ ಪ್ರಕಟಣೆಯನ್ನು ಎರಡಲ್ಲ, ನಾಲ್ಕು ಸಲ ಓದಿ ನೋಡಿದೆ. ಯಾವ ತಪ್ಪೂ ಕಾಣಲಿಲ್ಲ.

ಆದರೆ ಆ ಭಾನುವಾರ ಇದ್ದದ್ದು ಎರಡು ಸ್ಪರ್ಧೆಗಳು. ಪುರುಷರು ಏಳು ಗಂಟೆಗೆ ನ್ಯಾಮತಿಯಿಂದ ಹೊರಟು ಹೊನ್ನಾಳಿ, ಸಾಸ್ವೆಹಳ್ಳಿ, ಬಸವಾಪಟ್ಟಣದ ಮಾರ್ಗವಾಗಿ ಚನ್ನಗಿರಿಗೆ ಬರಬೇಕಿತ್ತು. ಮಹಿಳೆಯರು ಅದೇ ರಸ್ತೆಯಲ್ಲಿ, ಆದರೆ ಹೊನ್ನಾಳಿಯಿಂದ, ಎಂಟೂವರೆಗೆ ಹೊರಡಬೇಕಿತ್ತು. ಅವರು ಚನ್ನಗಿರಿ ಮುಟ್ಟುವಾಗ ಹತ್ತು ಗಂಟೆ ದಾಟುತ್ತಿತ್ತು. ಇದೆಲ್ಲ ಸಮಿತಿಯವರು ಕೊಟ್ಟ ಕಾಗದದ ಎರಡನೆಯ ಪುಟದಲ್ಲಿ ಸ್ಪಷ್ಟವಾಗಿತ್ತು. ನಾನು ಆ ಪುಟವನ್ನು ನೋಡಿರಲಿಲ್ಲ ಎನ್ನುವಂತಿಲ್ಲ. ಆ ಸ್ಪರ್ಧೆಯಲ್ಲಿ ನನ್ನ ಸ್ವಂತ ತಂಗಿ ಇದ್ದಳು. ಅವಳ ಅರ್ಜಿ ತುಂಬಿದವಳು ನಾನೇ. ಆದರೂ "ಸೈಕಲ್ ಸ್ಪರ್ಧೆ" ಎಂದು ಬರೆದ ಮೇಲೆ ಕೈ ನೇರವಾಗಿ ಪುರುಷರ ಸಮಯಕ್ಕೆ ಹೋಯಿತು. ಹಾಗೆ ಬರೆಯಲು ಯಾರೂ ಹೇಳಿರಲಿಲ್ಲ. ಸ್ಪರ್ಧೆ ಎಂದರೆ ಯಾವ ಸ್ಪರ್ಧೆ ಎಂಬ ಪ್ರಶ್ನೆಯೇ ನನ್ನಲ್ಲಿ ಹುಟ್ಟಲಿಲ್ಲ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಎಂಟನೆಯ ತರಗತಿಯಲ್ಲಿ ಸರ್ಕಾರದಿಂದ ಸಿಕ್ಕ ಸೈಕಲ್ಲನ್ನು ನಾನು ಶಾಲೆಗೆ ಹೋಗಿಬರಲು ಬಳಸಿದೆ. ಅವಳು ತನ್ನದನ್ನು ಬಸ್ಸಿನ ಹಿಂದೆ ಪೈಪೋಟಿಗೆ ಬಿಡಲು ಬಳಸಿದಳು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅದನ್ನು ನೋಡಿ ಬಯ್ಯುವ ಬದಲು ಗಡಿಯಾರ ಹಿಡಿದರು. ಪಿ.ಯು.ಸಿ. ಮುಗಿದ ಮೇಲೆ ಅವರ ಸಲಹೆಯಂತೆ ಅವಳು ಜಗಳೂರಿನಲ್ಲಿರುವ ನಮ್ಮ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡಳು. ಅಲ್ಲಿಯ ರಸ್ತೆಗಳು ನೇರವಾಗಿವೆ, ವಾಹನ ಕಡಿಮೆ, ಗಾಳಿ ಮಾತ್ರ ಬಿಡುವಿಲ್ಲ. ಎದುರುಗಾಳಿಗೆ ತುಳಿಯುವುದು ಏರು ಹತ್ತಿದಂತೆಯೇ ಎಂದು ಮೇಷ್ಟ್ರು ಹೇಳುತ್ತಿದ್ದರು.

ಒಮ್ಮೆ ನಾನು ಜಗಳೂರಿಗೆ ಹೋಗಿದ್ದಾಗ ಅವಳು ಬೆಳಗಿನ ಅಭ್ಯಾಸ ಮುಗಿಸಿ ಚಹಾದ ಅಂಗಡಿಯೊಂದರ ಮುಂದೆ ಸೈಕಲ್ ನಿಲ್ಲಿಸಿದಳು. ಮೊದಮೊದಲು ಅವಳ ಬಿಗಿಯಾದ ಚಡ್ಡಿಯನ್ನು ಕಂಡು ಮುಖ ತಿರುಗಿಸುತ್ತಿದ್ದ ಅಂಗಡಿಯವರು ಅಷ್ಟರಲ್ಲಿ ರೂಢಿಯಾಗಿ ಮಾತಿಗೆ ಬಂದಿದ್ದರು.

"ಅಲ್ಲವ್ವ, ಇಷ್ಟು ತುಳೀತೀಯಲ್ಲ, ಗಂಡುಡುಗ್ರಿಗಿಂತ ಎಷ್ಟು ಹಿಂದೆ ಬೀಳ್ತೀಯ?"

"ನಾನು ಅವರ ಜೊತೆ ರೇಸ್ ಬಿಡಲ್ಲ ಅಣ್ಣ."

"ಆದ್ರೂ ಒಂದು ಅಂದಾಜು ಇರತೈತಲ್ಲ."

"ನಿಮ್ಮ ಚಾನ ಆಚೆ ಹೋಟೆಲ್ ಚಾದ ಜೊತೆ ಹೋಲಿಸ್ತಾರೋ, ಮಂಡಕ್ಕಿ ಜೊತೆ ಹೋಲಿಸ್ತಾರೋ?"

"ಮಂಡಕ್ಕಿ ಇಲ್ದೆ ನಮ್ಮೂರಾಗೆ ಚಾ ಎಲ್ಲಿ ಇಳೀತೈತೆ ಬಿಡು," ಎಂದು ಅವರು ನಕ್ಕರು. ನನ್ನ ತಂಗಿ ನಗಲಿಲ್ಲ. ಆ ಪ್ರಶ್ನೆಯನ್ನು ಅವಳಿಗೆ ಅದಾಗಲೇ ಎಷ್ಟು ಮಂದಿ ಕೇಳಿದ್ದರೋ ನನಗೆ ತಿಳಿಯದು.

ಅವಳ ಕಾರಣದಿಂದ ನಾನೂ ಈ ಆಟದ ಬಗ್ಗೆ ಓದಿಕೊಂಡೆ. ನನಗೆ ತಿಳಿದ ಮಟ್ಟಿಗೆ ಹೇಳುವುದಾದರೆ, ಯುರೋಪಿನಲ್ಲಿ ವೃತ್ತಿಪರ ಪುರುಷರ ಅತಿ ದೊಡ್ಡ ಸ್ಪರ್ಧೆಗಳು ಮೂರು ವಾರ ನಡೆಯುತ್ತವೆ. ಮಹಿಳೆಯರವು ಅದರ ಅರ್ಧವೂ ಇಲ್ಲ. ದಿನದ ದೂರವೂ ಕಡಿಮೆ. ತಂಡದಿಂದ ಸರಿಯಾದ ಸಂಬಳ ಎಂಬುದು ಮಹಿಳೆಯರಿಗೆ ಬಹಳ ತಡವಾಗಿ ಬಂತು. ಬೇರೆ ಉದ್ಯೋಗ ಮಾಡುತ್ತಲೇ ಸ್ಪರ್ಧಿಸಿದವರು ಎಷ್ಟೋ ಮಂದಿ. ದೂರ ಕಡಿಮೆಯಾದ್ದರಿಂದ ಮಹಿಳೆಯರದು ಸುಲಭ ಎಂದು ಹೊರಗಿನವರು ಭಾವಿಸುತ್ತಾರೆ, ನಾನೂ ಭಾವಿಸಿದ್ದೆ. "ದೂರ ಇದ್ರೆ ಮೊದಲರ್ಧ ಮಾತಾಡ್ಕೊಂಡು ಹೋಗಬಹುದು ಅಕ್ಕ. ಗಿಡ್ಡ ಇದ್ರೆ ಬಾವುಟ ಬಿದ್ದ ತಕ್ಷಣ ಶುರು," ಎಂದು ತಂಗಿ ತಿದ್ದಿದಳು. ಒಂದು ದಿನ ಅವಳ ಫೋನಿನಲ್ಲಿ ಹೊರದೇಶದ ಸ್ಪರ್ಧೆಯೊಂದನ್ನು ಅವ್ವ ಅರ್ಧ ಗಂಟೆ ನೋಡಿದಳು. ಮುಂದಿದ್ದವರನ್ನು ತೋರಿಸಿ, "ಈ ಹುಡುಗ ಗಟ್ಟಿ ಅದಾನೆ, ಇವನೇ ಗೆಲ್ಲಾದು," ಎಂದಳು. ಗೆದ್ದ ಮೇಲೆ ಆ ‘ಹುಡುಗ’ ಹೆಲ್ಮೆಟ್ ತೆಗೆದು ಉದ್ದನೆಯ ಜಡೆಯನ್ನು ಹಿಂದಕ್ಕೆ ಎಸೆದುಕೊಂಡಳು. ಅವ್ವನಿಗೆ ಏನೂ ಅನ್ನಿಸಲಿಲ್ಲ. "ಹುಡುಗೀನಾ? ಯಾರಾದ್ರೇನು, ಗಟ್ಟಿ ಐತೆ," ಎಂದು ಒಲೆಯ ಕಡೆಗೆ ಎದ್ದುಹೋದಳು.

ಆ ವರ್ಷ ಹೊರರಾಜ್ಯದ ಒಂದು ಖಾಸಗಿ ತಂಡ ಮೊದಲ ಬಾರಿಗೆ ಮಹಿಳೆಯರನ್ನು ಸಂಬಳದ ಮೇಲೆ ತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಅವರ ಪುರುಷರ ತಂಡ ಎಷ್ಟೋ ವರ್ಷಗಳಿಂದ ಇತ್ತು. "ಸಂಬಳ ಕೊಟ್ಟು ಸೈಕಲ್ ತುಳಿಸ್ತಾರಾ? ಹಿಂದೆ ಯಾರ್ನ ಕೂರಿಸ್ಕೊಂಡು?" ಎಂದು ಅಪ್ಪ ಕೇಳಿದರು. ಆಯ್ಕೆಯ ಪರೀಕ್ಷೆಗೆ ಕರೆ ಬರಬೇಕಾದರೆ, ಸಮಿತಿಯೊಂದು ನಡೆಸಿದ ರಸ್ತೆ ಸ್ಪರ್ಧೆಯಲ್ಲಿ ಹೊನ್ನಾಳಿಯಿಂದ ಚನ್ನಗಿರಿಗೆ ಇರುವಷ್ಟು ದೂರವನ್ನು ಒಂದು ಗಂಟೆ ನಲವತ್ತೈದು ನಿಮಿಷದೊಳಗೆ ಮುಗಿಸಿದ ಪ್ರಮಾಣಪತ್ರ ಬೇಕಿತ್ತು. ವಯಸ್ಸಿನ ಮಿತಿಯೂ ಇತ್ತು, ಮುಂದಿನ ವರ್ಷಕ್ಕೆ ತಂಗಿ ಅದನ್ನು ದಾಟುತ್ತಿದ್ದಳು. ಅವಳಿಗೆ ಅದು ಮೊದಲ ಅವಕಾಶ, ಕೊನೆಯದೂ ಹೌದು. ನಿವೃತ್ತರಾಗಿದ್ದ ಪಿ.ಟಿ. ಮೇಷ್ಟ್ರು ಸಮಿತಿಯಲ್ಲಿದ್ದರು. ಆ ದೂರಕ್ಕೆ ಸರಿಹೋಗುವಂತೆ ಮಹಿಳಾ ವಿಭಾಗವನ್ನು ಸೇರಿಸಬೇಕೆಂದು ಹಟ ಹಿಡಿದವರು ಅವರೇ.

ಭಾನುವಾರ ಬೆಳಿಗ್ಗೆ ಹೊನ್ನಾಳಿಯಲ್ಲಿ ಪುರುಷರು ಹಾದುಹೋಗುವಾಗ ಜನ ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಎಂಟೂವರೆಗೆ ಹನ್ನೆರಡು ಮಂದಿ ಹೆಣ್ಣುಮಕ್ಕಳು ಸಾಲಾಗಿ ನಿಂತಾಗ ಜನ ತಿಂಡಿಗೆ ಹೊರಟುಹೋಗಿದ್ದರು. ಬಾವುಟ ಹಿಡಿದವರೂ ಪುರುಷರ ವಾಹನದಲ್ಲಿ ಮುಂದೆ ಹೋಗಿಬಿಟ್ಟಿದ್ದರಿಂದ ಮೇಷ್ಟ್ರು ಹೆಗಲ ಮೇಲಿನ ಟವೆಲನ್ನೇ ಬೀಸಿ ಚಾಲನೆ ಕೊಟ್ಟರು. ಹಿಂದಿನ ಜೀಪಿನಲ್ಲಿ ಅವರು ಗಡಿಯಾರ ಹಿಡಿದು ಮುಂದೆ ಕುಳಿತರು. ದಾಖಲೆ ಪುಸ್ತಕ ಹಿಡಿದು ನಾನು ಹಿಂದೆ ಕುಳಿತೆ. ಸ್ಪರ್ಧಿಗಳ ಫೋನುಗಳೆಲ್ಲ ಒಂದು ಚೀಲದಲ್ಲಿ ನನ್ನ ಬಳಿಯೇ ಇದ್ದವು.

ಸಾಸ್ವೆಹಳ್ಳಿ ದಾಟುವಷ್ಟರಲ್ಲಿ ತಂಗಿ ಒಬ್ಬಳೇ ಮುಂದೆ ಇದ್ದಳು, ಜೀಪು ಉಳಿದವರನ್ನು ದಾಟಿ ಅವಳ ಹಿಂದೆ ಬಂತು. ಮೇಷ್ಟ್ರು ಗಡಿಯಾರ ನೋಡಿ, "ಹಿಂಗೇ ಹೋದ್ರೆ ನಲವತ್ತೈದರೊಳಗೆ ಆರಾಮ," ಎಂದರು. ಬಸವಾಪಟ್ಟಣಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಸಣ್ಣ ಊರಿನ ತಿರುವು ಬಂತು. ತಿರುವಿನ ಆಚೆ ರಸ್ತೆ ಹಳದಿಯಾಗಿತ್ತು.

ಅರ್ಧ ರಸ್ತೆಯಲ್ಲ, ಈ ಅಂಚಿನಿಂದ ಆ ಅಂಚಿನವರೆಗೂ ಮೆಕ್ಕೆಜೋಳ. ಊರಿನ ಉದ್ದಕ್ಕೂ, ಕೊನೆಯ ಮನೆಯವರೆಗೂ. ತಂಗಿ ಬ್ರೇಕ್ ಹಾಕಿದಳು, ಚಕ್ರ ಕಾಳಿನ ಮೇಲೆ ಜಾರಿತು, ಅವಳು ಮಗ್ಗುಲಾಗಿ ಬಿದ್ದಳು. ದೊಡ್ಡ ಪೆಟ್ಟೇನೂ ಆಗಲಿಲ್ಲ, ಮೊಣಕೈ ತರಚಿತು. ಎದ್ದು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ನಡೆಯತೊಡಗಿದಳು. ರೇಸಿನ ಶೂಗಳ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಗಟ್ಟಿ ತುಂಡು ಇರುವುದರಿಂದ ಕಾಳಿನ ಮೇಲೆ ಒಂದೊಂದು ಹೆಜ್ಜೆಯೂ ಜಾರುತ್ತಿತ್ತು. ಹಿಂದಿನ ಹನ್ನೊಂದು ಮಂದಿಯೂ ಒಬ್ಬೊಬ್ಬರಾಗಿ ಬಂದು, ಇಳಿದು, ಸೈಕಲ್ ಹೊತ್ತು ಅವಳ ಹಿಂದೆ ಸಾಲುಗಟ್ಟಿದರು.

ಕಾಳಿನೊಳಗೆ ಕಾಲಾಡಿಸುತ್ತಾ ನಿಂತಿದ್ದ ನಡುವಯಸ್ಸಿನ ಹೆಂಗಸೊಬ್ಬರು ಜೀಪಿನ ಬಳಿಗೆ ಬಂದರು. ನಾನು ಇಳಿದು, "ರಸ್ತೆ ಬಿಡಬೇಕು ಅಂತ ಹೇಳಿದ್ವಲ್ಲಮ್ಮ," ಎಂದೆ.

"ಬಿಟ್ಟಿದ್ವಲ್ಲ ತಾಯಿ. ಬೆಳಗ್ಗೆ ಎದ್ದು ರಾಶಿ ಮಾಡಿ ಆಚೆ ಇಟ್ವಿ. ಸೈಕಲ್ ಹೋದ್ವು, ನಾವೇ ನಿಂತು ನೋಡಿದ್ವಿ. ಹೋದ ಮ್ಯಾಲೆ ಹರವಿದ್ವಿ."

"ಇದು ಹೆಣ್ಣುಮಕ್ಕಳದು."

"ಹೆಣ್ಮಕ್ಳದು ಬ್ಯಾರೆ ಐತೆ ಅಂತ ಆಟೋದಾಗೆ ಹೇಳ್ಲಿಲ್ಲಲ್ಲ."

"ಹರವೋದು ಹರವಿದ್ರಿ, ಪೂರ್ತಿ ಯಾಕೆ ಹರವಿದ್ರಿ?" ಎಂದು ಮೇಷ್ಟ್ರು ಕೇಳಿದರು.

"ಪೊಲೀಸ್ರು ಬಸ್ಸು ಲಾರಿ ಎಲ್ಲ ನಿಲ್ಸ್ಯಾರಲ್ಲ ಸಾರ್. ಇಂಥ ಖಾಲಿ ರೋಡು ನಮಗೆ ವರ್ಷಕ್ಕೊಂದಿನನೂ ಸಿಗಲ್ಲ. ಬಿಸಿಲು ಬ್ಯಾರೆ ಚಲೋ ಐತೆ."

ನಮ್ಮ ಅವ್ವನಾಗಿದ್ದರೂ ಹಾಗೆಯೇ ಮಾಡುತ್ತಿದ್ದಳು. ಆ ಹೆಂಗಸು ಹೆಗಲ ಮೇಲೆ ಸೈಕಲ್ ಹೊತ್ತು ಜಾರುತ್ತಿದ್ದ ಹುಡುಗಿಯರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಏ, ಹಲುಬೆ ತಗಂಬರ್ರೆ, ದಾರಿ ಮಾಡ್ರಿ, ಪಾಪ ಹುಡುಗ್ರು ಬೀಳ್ತಾವೆ," ಎಂದು ಅಕ್ಕಪಕ್ಕದವರನ್ನು ಕರೆದರು. ಐದಾರು ಮಂದಿ ಸೇರಿ ಉದ್ದ ಹಿಡಿಯ, ಹಲ್ಲುಗಳಿರುವ ಹಲುಬೆಗಳಿಂದ ಕಾಳನ್ನು ಎರಡೂ ಬದಿಗೆ ಎಳೆದು ಒಂದು ಸಣ್ಣ ಹಾದಿ ಬಿಡಿಸಿದರು. ಅಷ್ಟರಲ್ಲಿ ತಂಗಿ ಬಹುಪಾಲು ದೂರ ನಡೆದಾಗಿತ್ತು. ಒಬ್ಬಳೇ ಮುಂದಿದ್ದವಳು ಈಗ ಹನ್ನೆರಡು ಮಂದಿಯಲ್ಲಿ ಒಬ್ಬಳಾಗಿದ್ದಳು.

ಚನ್ನಗಿರಿಯಲ್ಲಿ ಪುರುಷರ ವಿಭಾಗದವರಿಗೆ ಹಾರ ಹಾಕುವ ಕಾರ್ಯಕ್ರಮ ನಡೆಯುತ್ತಿರುವಾಗಲೇ ಮಹಿಳೆಯರು ಬಂದರು. ತಂಗಿಯೇ ಮೊದಲು ಗೆರೆ ದಾಟಿದಳು. ವೇದಿಕೆಯ ಮೇಲಿದ್ದವರಲ್ಲಿ ಒಬ್ಬರು ಮೈಕಿನಲ್ಲಿ, "ನಮ್ಮ ಹೆಣ್ಣುಮಕ್ಕಳೂ ಧೈರ್ಯವಾಗಿ ಭಾಗವಹಿಸಿದ್ದಾರೆ, ಚಪ್ಪಾಳೆ ತಟ್ಟಿ," ಎಂದರು. ಯಾರು ಗೆದ್ದರು ಎಂದು ಹೇಳಲಿಲ್ಲ. ಮೇಷ್ಟ್ರು ಗಡಿಯಾರವನ್ನು ನನ್ನ ಕಡೆಗೆ ತಿರುಗಿಸಿದರು. ಒಂದು ಗಂಟೆ ನಲವತ್ತೇಳು ನಿಮಿಷ ಇಪ್ಪತ್ತು ಸೆಕೆಂಡು.

ತಂಗಿ ಮೈದಾನದ ಅಂಚಿನ ಕಟ್ಟೆಯ ಮೇಲೆ ಕುಳಿತು ಶೂ ಬಿಚ್ಚುತ್ತಿದ್ದಳು. ಅದರ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಕಾಳುಗಳನ್ನು ಉಗುರಿನಿಂದ ಕೀಳುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೆ.

"ಆಟೋದಾಗೆ ಹೇಳಿದ್ದು ನಾನು," ಎಂದೆ.

"ಗೊತ್ತು. ನಿನ್ನೆ ನ್ಯಾಮತಿಯಾಗೆ ಕೇಳ್ದೆ, ನಿನ್ ಧ್ವನಿ ನನಗೆ ಗೊತ್ತಾಗಲ್ವಾ? ನಮ್ದು ಹೊನ್ನಾಳಿಯಿಂದ ಮುಂದೆ ಹೇಳ್ತಾರೆ ಅಂದ್ಕಂಡಿದ್ದೆ. ಒಂಬತ್ತರವರೆಗೆ ಅಂತ ಬರ್ಕೊಟ್ಟೋರು ಯಾರು?"

"ಯಾರೂ ಇಲ್ಲ. ನಾನೇ ಬರೆದೆ."

ಅವಳು ಇನ್ನೊಂದು ಶೂ ಎತ್ತಿಕೊಂಡಳು. "ಗಂಡಸರು ಹೋದ್ರೆ ಮುಗೀತು ಅಂತ ನೀನೂ ಅಂದ್ಕಂಡ್ಯಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ಅಂದುಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತಿತ್ತು.

ಫಲಿತಾಂಶದ ಹಾಳೆಯ ಕೆಳಗೆ ಷರಾ ಎಂಬ ಜಾಗವಿತ್ತು. ಮೆಕ್ಕೆಜೋಳದ ವಿಷಯವನ್ನು ಅಲ್ಲಿ ಬರೆಯದಿದ್ದರೆ ತಂಗಿಯ ಸಮಯಕ್ಕೆ ಯಾವ ವಿವರಣೆಯೂ ಇರುತ್ತಿರಲಿಲ್ಲ. ಸಮಿತಿಯ ಕಾರ್ಯದರ್ಶಿಗಳು ಸಹಿ ಮಾಡುವ ಮೊದಲು, "ಸಾರ್ವಜನಿಕರ ಅಸಹಕಾರದಿಂದ ಅಡಚಣೆ ಉಂಟಾಯಿತು ಅಂತ ಹಾಕ್ರಿ, ಸಾಕು," ಎಂದರು. ವಾಕ್ಯ ಚೆನ್ನಾಗಿತ್ತು. ಬೇರೆ ದಿನವಾಗಿದ್ದರೆ ನಾನು ಅದನ್ನೇ ಮೆಚ್ಚಿ ಬರೆದುಬಿಡುತ್ತಿದ್ದೆ. ಆದರೆ ಬೆಳಿಗ್ಗೆ ಎದ್ದು ರಾಶಿ ಮಾಡಿ ದಾರಿ ಬಿಟ್ಟವರು, ಮತ್ತೆ ಹಲುಬೆ ತಂದು ಹಾದಿ ಬಿಡಿಸಿದವರು ಆ ಸಾರ್ವಜನಿಕರೇ. ಹಾಗೆ ಬರೆದರೆ ಯಾರಾದರೂ ಆ ಊರಿಗೆ ಹೋಗಿ ಅವರನ್ನು ಕೇಳುವ ಸಾಧ್ಯತೆಯೂ ಇತ್ತು.

ನಾನು ಪೆನ್ನು ಹಿಡಿದು ಸುಮ್ಮನೆ ಕುಳಿತಿರುವುದನ್ನು ಕಂಡು ಮೇಷ್ಟ್ರು ಹತ್ತಿರ ಬಂದರು.

"ಯಾಕಮ್ಮ?"

"ತಪ್ಪು ನನ್ನದು ಸರ್. ಹಾಗೇ ಬರೀತೀನಿ."

"ಗುತ್ತಿಗೆ ಕೆಲಸ ನಿಂದು. ನಾಳೆ ಕಾಗದ ನಿಮ್ಮ ಸಾಹೇಬರ ಟೇಬಲ್ಲಿಗೆ ಹೋಗತೈತೆ. ಯೋಚನೆ ಮಾಡು." ಆಮೇಲೆ ತಂಗಿಯ ಕಡೆಗೆ ತಿರುಗಿ, "ನೀನೇನಂತೀಯಮ್ಮ?" ಎಂದು ಕೇಳಿದರು.

"ಬರೀಲಿ ಸರ್. ನನಗೊಬ್ಬಳಿಗೇ ಅಂತ ಅಲ್ಲ. ನನ್ನ ಹಿಂದೆ ಹನ್ನೊಂದು ಜನ ಸೈಕಲ್ ಹೊತ್ಕೊಂಡು ನಡೆದಾರೆ."

ನಾನು ಬರೆದೆ. "ಪ್ರಕಟಣೆಯಲ್ಲಿ ಮಹಿಳಾ ವಿಭಾಗದ ಸಮಯವನ್ನು ನಾನು ಸೇರಿಸಿರಲಿಲ್ಲ. ಆದ್ದರಿಂದ ಪುರುಷರು ಹಾದುಹೋದ ಮೇಲೆ ಸ್ಪರ್ಧೆ ಮುಗಿಯಿತೆಂದು ತಿಳಿದು ಗ್ರಾಮಸ್ಥರು ರಸ್ತೆಯ ಮೇಲೆ ಮೆಕ್ಕೆಜೋಳ ಹರವಿದರು. ಹನ್ನೆರಡೂ ಸ್ಪರ್ಧಿಗಳು ಇಳಿದು ಸೈಕಲ್ ಹೊತ್ತು ನಡೆಯಬೇಕಾಯಿತು." ಕೆಳಗೆ ಸಹಿ ಹಾಕಿದೆ. ಕಾರ್ಯದರ್ಶಿಗಳು ಎರಡು ಸಲ ಓದಿ, ಮೇಷ್ಟ್ರ ಮುಖ ನೋಡಿ, ತಾವೂ ಸಹಿ ಹಾಕಿದರು.

ಸಾಹೇಬರು ಬುಧವಾರ ಕರೆದರು. ಜೋರು ಮಾಡಲಿಲ್ಲ. ಲಿಖಿತ ವಿವರಣೆ ತೆಗೆದುಕೊಂಡು, ಇನ್ನು ಮುಂದೆ ಪ್ರಕಟಣೆಗಳನ್ನು ಪಕ್ಕದ ಮೇಜಿನವರು ಬರೆಯುತ್ತಾರೆ ಎಂದರು. ಕೆಲಸ ಉಳಿಯಿತು. ಪಕ್ಕದ ಮೇಜಿನವರು ಬರೆದದ್ದನ್ನು ತಿದ್ದಿಕೊಡಲು ಮಾತ್ರ ಈಗಲೂ ನನ್ನ ಬಳಿಗೇ ತರುತ್ತಾರೆ.

ಫಲಿತಾಂಶದ ಹಾಳೆಯನ್ನು ತಂಡಕ್ಕೂ ಕಳುಹಿಸಿದ್ದೆವು, ಅವರ ಉತ್ತರ ಹತ್ತು ದಿನಕ್ಕೆ ಬಂತು. ಷರಾದ ಆಧಾರದ ಮೇಲೆ ಸಮಯವನ್ನು ಬದಲಾಯಿಸಲಾಗದು. ಆದರೆ ಅದೇ ಸಮಿತಿ ಅದೇ ರಸ್ತೆಯಲ್ಲಿ ತಿಂಗಳೊಳಗೆ ಸ್ಪರ್ಧೆಯನ್ನು ಮತ್ತೆ ನಡೆಸಿದರೆ, ಕನಿಷ್ಠ ಎಂಟು ಮಂದಿ ಭಾಗವಹಿಸಿದರೆ, ಆ ಪ್ರಮಾಣಪತ್ರವನ್ನು ಪರಿಗಣಿಸುತ್ತೇವೆ ಎಂದು ಬರೆದಿದ್ದರು. ಎಂಟು ಮಂದಿ ಏಕೆ ಎಂದು ನಾನು ತಂಗಿಯನ್ನು ಕೇಳಿದೆ. ಒಬ್ಬರ ಹಿಂದೆ ಒಬ್ಬರು ಗಾಳಿಯ ಮರೆಯಲ್ಲಿ ತುಳಿದರೆ ವೇಗ ಬರುತ್ತದೆ, ಒಂಟಿಯಾಗಿ ಗಡಿಯಾರಕ್ಕೆ ತುಳಿಯುವುದು ಬೇರೆ ವಿದ್ಯೆ, ಅದು ರೇಸೇ ಅಲ್ಲ ಎಂದಳು.

ಸಮಿತಿಯವರು ಮೊದಲು ಒಪ್ಪಲಿಲ್ಲ. ಮಹಿಳೆಯರಿಗೋಸ್ಕರ ಪ್ರತ್ಯೇಕವಾಗಿ ಬಂದೋಬಸ್ತ್ ಕೇಳಲಾಗದು ಎಂದರು. ಮೇಷ್ಟ್ರು ಬಂದೋಬಸ್ತ್ ಇಲ್ಲದೆಯೇ ನಡೆಸಲು ಒಪ್ಪಿಗೆ ಪಡೆದು, ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಬೈಕುಗಳ ಮೇಲೆ ತಿರುವುಗಳಲ್ಲಿ ನಿಲ್ಲಿಸುವ ಏರ್ಪಾಡು ಮಾಡಿದರು. ಹುಡುಗಿಯರನ್ನು ಕರೆಯುವ ಕೆಲಸ ನನ್ನದಾಯಿತು. ಚನ್ನಗಿರಿಯ ಹುಡುಗಿಯೊಬ್ಬಳು ಹಿಂದಿನ ಸಲ ಮೂರನೆಯವಳಾಗಿದ್ದಳು. ಅವರ ಮನೆಗೆ ಹೋದಾಗ ಅವಳು ನನ್ನನ್ನು ಕುಳ್ಳಿರಿಸಿ ನೇರವಾಗಿ ಕೇಳಿದಳು.

"ನಿನ್ ತಂಗಿಗೆ ಟೈಮ್ ಬೇಕು ಅಂತ ನಾವ್ಯಾಕೆ ಬರಬೇಕಕ್ಕ?"

"ಬರಲೇಬೇಕು ಅಂತ ಏನಿಲ್ಲ," ಎಂದೆ. ಬೇರೆ ಏನು ಹೇಳುವುದೂ ಸರಿ ಕಾಣಲಿಲ್ಲ.

"ಬರ್ತೀನಿ. ಆದ್ರೆ ಅವಳಿಗೆ ಗಾಳಿ ತಡೆಯಾಕೆ ಬರ್ತಿಲ್ಲ. ಗೆಲ್ಲಾಕೆ ಬರ್ತೀನಿ. ಅದನ್ನ ಹೇಳಿಬಿಡು."

ಹೇಳಿದೆ. "ಹಂಗೇ ಬರಬೇಕು ಮತ್ತೆ," ಎಂದಳು ತಂಗಿ.

ಹನ್ನೆರಡರಲ್ಲಿ ಒಂಬತ್ತು ಮಂದಿ ಒಪ್ಪಿದರು. ಈ ಸಲ ಆಟೋ ಇರಲಿಲ್ಲ. ಹಿಂದಿನ ದಿನ ನಾನು ಬಸ್ಸಿನಲ್ಲಿ ಊರಿಂದೂರಿಗೆ ಇಳಿದು, ರಸ್ತೆಯ ಮೇಲಿದ್ದವರಿಗೆಲ್ಲ ಬಾಯಿಂದಲೇ ಹೇಳುತ್ತಾ ಹೋದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ ಬಂತು: ಇವರ ಹಿಂದೆ ಗಂಡಸರದು ಎಷ್ಟೊತ್ತಿಗೆ? ಇಲ್ಲ, ಈ ಸಲ ಇವರದೊಂದೇ ಎಂದರೆ ನಂಬದೆ ಮತ್ತೆ ಕೇಳುತ್ತಿದ್ದರು. ತಿರುವಿನ ಊರಿನ ಆ ಹೆಂಗಸು ನನ್ನ ಗುರುತು ಹಿಡಿದರು. ನಾನು ಗಂಟೆ ನಿಮಿಷಗಳನ್ನು ವಿವರಿಸಲು ತೊಡಗಿದಾಗ ನಡುವೆಯೇ ತಡೆದರು.

"ಟೈಮ್ ಬ್ಯಾಡ ತಾಯಿ. ನಮ್ಮ ಕೈಯಾಗೆ ವಾಚಿಲ್ಲ. ಕೊನೇಗೆ ಏನು ಬರತೈತೆ ಅದನ್ನ ಹೇಳು."

"ಒಂದು ಬೈಕು ಬರುತ್ತೆ. ಮುಂದುಗಡೆ ಕೆಂಪು ಬಟ್ಟೆ ಕಟ್ಟಿರುತ್ತೆ."

"ಹಂಗೆ ಹೇಳು ಮತ್ತೆ. ಕೆಂಪು ಬಟ್ಟೆ ಬೈಕು ಹೋಗಾತನ ಹರವಲ್ಲ. ಆತಲ್ಲ?"

ನಾಲ್ಕು ಸಲ ಓದಿ ನೋಡಿದ ನನ್ನ ಪ್ರಕಟಣೆಯಲ್ಲಿ ಈ ಒಂದು ಮಾತು ಇದ್ದಿದ್ದರೆ ಸಾಕಾಗಿತ್ತು.

ಮರುದಿನ ರಸ್ತೆ ಕೊನೆಯವರೆಗೂ ಕಪ್ಪಾಗಿಯೇ ಇತ್ತು. ರಾಶಿಗಳ ಪಕ್ಕದಲ್ಲಿ ಜನ ನಿಂತು ನೋಡುತ್ತಿದ್ದರು. ನೋಡಲು ಬೇರೆ ಸ್ಪರ್ಧೆ ಇಲ್ಲದ್ದರಿಂದ ಇದನ್ನೇ ನೋಡಿದರು. ಒಂಬತ್ತು ಮಂದಿ ಬಸವಾಪಟ್ಟಣದವರೆಗೂ ಒಟ್ಟಿಗೇ ಇದ್ದರು. ಆಮೇಲೆ ತಂಗಿಯೂ ಚನ್ನಗಿರಿಯ ಹುಡುಗಿಯೂ ಮುಂದೆ ಬಿದ್ದರು. ಒಮ್ಮೆ ಇವಳು ಮುಂದೆ, ಒಮ್ಮೆ ಅವಳು. ಅವರ ಹಿಂದೆ ಹೋಗುತ್ತಿದ್ದ ಜೀಪಿನ ಹಿಂದಿನ ಸೀಟಿನಿಂದ ಬಾಗಿ ನಾನು ಮೇಷ್ಟ್ರ ಕೈಯಲ್ಲಿದ್ದ ಗಡಿಯಾರವನ್ನೇ ನೋಡುತ್ತಿದ್ದೆ. ಗೆರೆ ದಾಟುವಾಗ ಒಂದು ಗಂಟೆ ನಲವತ್ತಮೂರು ನಿಮಿಷ. ಕಣ್ಣೆತ್ತುವಷ್ಟರಲ್ಲಿ ಇಬ್ಬರೂ ದಾಟಿಯಾಗಿತ್ತು. ಚನ್ನಗಿರಿಯ ಹುಡುಗಿ ಅರ್ಧ ಚಕ್ರದಷ್ಟು ಮುಂದಿದ್ದಳು.

ಪ್ರಮಾಣಪತ್ರವನ್ನು ಅಲ್ಲಿಯೇ ಬರೆದೆ. ತಂಡದವರು ಕೇಳಿದ್ದು ಸಮಯ ಮಾತ್ರ. ಸ್ಥಾನದ ಜಾಗವನ್ನು ಖಾಲಿ ಬಿಡಬಹುದಿತ್ತು, ಬಿಡಲೇ ಎಂದು ತಂಗಿಯನ್ನು ಕೇಳಿದೆ. "ಎರಡು ಅಂತ ಬರಿ," ಎಂದಳು. ಚನ್ನಗಿರಿಯ ಹುಡುಗಿಯೂ ತನಗೊಂದು ಪ್ರಮಾಣಪತ್ರ ಕೇಳಿ ಪಡೆದಳು. ಇಬ್ಬರಿಗೂ ಕರೆ ಬಂತು. ತಂಗಿ ಆಯ್ಕೆಯಾದಳು. ಆ ಹುಡುಗಿಗೆ ವಯಸ್ಸು ಚಿಕ್ಕದು, ಮುಂದಿನ ವರ್ಷ ಬಾ ಎಂದು ಹೇಳಿ ಕಳುಹಿಸಿದರು. ಇವೆಲ್ಲ ಆಮೇಲಿನ ವಿಷಯ.

ಆ ದಿನ ಸಂಜೆ ಮೇಷ್ಟ್ರು ಜೀಪಿನಲ್ಲಿ ನಮ್ಮನ್ನು ನ್ಯಾಮತಿಗೆ ಬಿಡಲು ಹೊರಟರು. ಸೈಕಲ್ಲನ್ನು ಹಿಂದೆ ಕಟ್ಟಿದ್ದೆವು. ತಂಗಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಒಂದು ತಿಂಗಳ ಆತಂಕ ಕಳೆದು ನನ್ನ ಎದೆ ಹಗುರಾಗಿತ್ತು.

"ಟೈಮ್ ಬಂತಲ್ಲ, ಇನ್ನೇನು?" ಎಂದೆ.

"ಟೈಮ್ ಬಂತು. ಸೋತೆನಲ್ಲ."

"ಅರ್ಧ ಚಕ್ರ ಅಷ್ಟೇ."

"ಅರ್ಧ ಚಕ್ರ ಅಂದ್ರೆ ಸೋತಂಗೆ ಅಲ್ವಾ?" ಎಂದಳು. ನನ್ನ ಕಡೆಗೆ ತಿರುಗಿದಳು. "ನಾನು ಬೇಗ ಎದ್ದುಬಿಟ್ನಾ ಅಕ್ಕ? ಕೊನೇಗೆ ಸೀಟು ಬಿಟ್ಟು ಎದ್ದು ತುಳಿದೆನಲ್ಲ, ಅದು ಬೇಗ ಆತಾ? ನೀನು ಹಿಂದಿನಿಂದ ನೋಡಿದ್ಯಲ್ಲ."

ನಾನು ಗಡಿಯಾರ ನೋಡುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕಾಯಿತು.

"ಬೇಗ ಎದ್ದೆ," ಎಂದು ಮೇಷ್ಟ್ರು ಮುಂದಿನಿಂದ ಹೇಳಿದರು. "ಇನ್ನೂರು ಮೀಟರ್ ಮುಂಚೇನೇ ಎದ್ದೆ. ಅವಳು ನಿನ್ನ ಮರೆಯಾಗೆ ಕೂತು ಕಾಯ್ತಿದ್ಲು."

"ಎಡಕ್ಕಿದ್ಲಾ, ಬಲಕ್ಕಿದ್ಲಾ?"

"ಬಲಕ್ಕೆ. ನೀನು ಎಡಕ್ಕೆ ನೋಡಿದೆ."

ತಂಗಿ ಸೀಟಿನ ಅಂಚಿಗೆ ಸರಿದು ಮುಂದಕ್ಕೆ ಬಾಗಿದಳು. ಹೊನ್ನಾಳಿ ದಾಟುವವರೆಗೂ ಆ ಇನ್ನೂರು ಮೀಟರಿನ ಬಗ್ಗೆಯೇ ಅವರಿಬ್ಬರ ಮಾತು ನಡೆಯಿತು. ನನಗೆ ಅರ್ಧದಷ್ಟು ತಿಳಿಯಲಿಲ್ಲ, ಆದರೂ ಕೇಳುತ್ತಾ ಕುಳಿತಿದ್ದೆ.